ಹವಾಲ್ದಾರ ಸಿದ್ದರಾಯ ಹೊಡೆಯದ ಏಟು

ವಿಜಯಪುರದಿಂದ ತೊರವಿ, ತಿಕೋಟಾ ದಾಟಿ ಅಥಣಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹವಾಲ್ದಾರ ಸಿದ್ದರಾಯನ ಬಲಗೈಯನ್ನು ಅರಿಯದವರಿರಲಿಲ್ಲ. ಕೆಲವರು ಕಣ್ಣಿನಿಂದ ಅರಿತಿದ್ದರು, ಉಳಿದವರು ಕೆನ್ನೆಯಿಂದ. ಕುಡಿದು ಟ್ರ್ಯಾಕ್ಟರ್ ಓಡಿಸಿದವ, ಹಿಂದೆ ಮೂವರನ್ನು ಹೇರಿಕೊಂಡು ಬೈಕು ಹಾರಿಸಿದವ, ಕೂಸನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಹರಟಿದವ, ಎಲ್ಲರಿಗೂ ಒಂದೇ ನ್ಯಾಯ, ಒಂದೇ ಏಟು. ಇಪ್ಪತ್ತಾರು ವರ್ಷದ ಈ ಸೇವೆಗಾಗಿ ಇಲಾಖೆ ಅವನಿಗೆ ಮೂರು ಸಲ ಪ್ರಶಂಸಾ ಪತ್ರ ಕೊಟ್ಟಿತ್ತು. ಪತ್ರದಲ್ಲಿ ಏಟು ಅಂತ ಬರೆದಿರಲಿಲ್ಲ. 'ಸಾರ್ವಜನಿಕರೊಂದಿಗೆ ನೇರ ಸಂಪರ್ಕ' ಅಂತ ಬರೆದಿತ್ತು.

ಹುಟ್ಟೂರು ಕನಮಡಿ. ಕುರಿ ಸಾಕುವ ಮನೆತನ. ಈ ದಿಬ್ಬದಿಂದ ಆ ದಿಬ್ಬಕ್ಕೆ ಕುರಿಗಳನ್ನು ಬೈದೂ ಬೈದೂ ಗಂಟಲು ಚಿಕ್ಕಂದಿನಲ್ಲೇ ಪಳಗಿತ್ತು. ಪೊಲೀಸಿಗೆ ಸೇರಿದ ಮೇಲೆ ಅವನು ಹೊಸದಾಗಿ ಕಲಿಯಬೇಕಾಗಿ ಬಂದದ್ದು ಸೆಲ್ಯೂಟ್ ಹೊಡೆಯುವುದೊಂದೇ. ಬಬಲೇಶ್ವರದಲ್ಲಿ ಹೆಂಡತಿ ತಿಪ್ಪವ್ವನ ಜೊತೆ ಸಂಸಾರ. ನಿವೃತ್ತಿಗೆ ಇನ್ನು ಎರಡು ವರ್ಷ. ಈ ಸಲದ ಎಎಸ್‌ಐ ಬಡ್ತಿ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ಅವನದು. ಪಟ್ಟಿ ಹೊರಟರೆ ಹೆಗಲ ಮೇಲೆ ಒಂದು ನಕ್ಷತ್ರ ಕೂರುತ್ತದೆ. ತಪ್ಪಿದರೆ ಮುಂದಿನ ಪಟ್ಟಿ ಬರುವ ಹೊತ್ತಿಗೆ ಅವನು ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ತಿಪ್ಪವ್ವ ಆಗಲೇ ಓಣಿಯಲ್ಲಿ ತುಸು ನಿಧಾನಕ್ಕೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು. ಸಾಹೇಬರ ಹೆಂಡತಿಯರು ಅವಸರ ಮಾಡುವುದಿಲ್ಲವಲ್ಲ.

ಅಷ್ಟರಲ್ಲಿ ಕ್ಯಾಮೆರಾ ಬಂತು.

ಹೆದ್ದಾರಿ ಗಸ್ತಿನ ಪ್ರತಿಯೊಬ್ಬರೂ ಎದೆಯ ಮೇಲೆ ಕ್ಯಾಮೆರಾ ಕಟ್ಟಿಕೊಳ್ಳತಕ್ಕದ್ದು ಅಂತ ಆದೇಶ. ಗೋಳಗುಮ್ಮಟದ ಹತ್ತಿರದ ಒಂದು ಸಭಾಂಗಣದಲ್ಲಿ ತರಬೇತಿ. ಕಲಿಸಲು ಬಂದ ತರುಣ ಪುಸ್ತಕದ ಕನ್ನಡದಲ್ಲಿ ಹೇಳಿದ: "ಕರ್ತವ್ಯಕ್ಕೆ ಬಂದ ಕ್ಷಣ ಆನ್ ಮಾಡಬೇಕು, ಹೋಗುವಾಗಲೇ ಆಫ್. ದೃಶ್ಯ, ಧ್ವನಿ ಎರಡೂ ತೊಂಬತ್ತು ದಿನ ಉಳಿಯುತ್ತವೆ."

"ನಡುವ ಒಂದಕ್ಕ ಹೋಗೂದ ಬಂದ್ರರಿ?" ಸಿದ್ದರಾಯ ಎದ್ದು ನಿಂತು ಕೇಳಿದ.

"ಆಗ ಕೈಯಿಂದ ಮುಚ್ಚಿಕೊಳ್ಳಿ."

"ಯಾವುದನ್ರಿ?"

ಸಭಾಂಗಣ ನಕ್ಕಿತು. ತರುಣ ಕೆಂಪಗಾಗಿ ನೀರು ಕುಡಿದ. ಹೊರಗೆ ಬಂದ ಸಿದ್ದರಾಯ ಗುಮ್ಮಟದ ಕಡೆ ಕೈ ಮಾಡಿ ಗೆಳೆಯರಿಗೆ ಹೇಳಿದ: "ಅದರಾಗ ಆಡಿದ ಮಾತು ಏಳು ಸಲ ತಿರಿಗಿ ಬಂದು ಸುಮ್ಮನಾಗತೈತಿ. ಇದರಾಗ ತೊಂಬತ್ತು ದಿನ ತಿರಗತೈತಂತ. ಬಾಯಿ ಹೊಲಕೊಂಡ ಇರ್ರಿ." ಆ ಬುದ್ಧಿವಾದವನ್ನು ಎಲ್ಲರಿಗೂ ಹಂಚಿದ. ತನಗೊಂದು ಪಾಲು ಇಟ್ಟುಕೊಳ್ಳುವುದನ್ನು ಮರೆತ.

ತರಬೇತಿಯಲ್ಲಿ ಒಂದು ಚೀಟಿಯನ್ನೂ ಕೊಟ್ಟಿದ್ದರು. ವಾಹನ ನಿಲ್ಲಿಸಿದ ಕೂಡಲೇ ಅದರಲ್ಲಿದ್ದ ಹಾಗೇ ಹೇಳಬೇಕು. ಮರುದಿನ ತಿಕೋಟಾ ಕ್ರಾಸಿನಲ್ಲಿ ಮೊದಲು ಸಿಕ್ಕವನು ಗುರಣ್ಣ. ಎಪ್ಪತ್ತರ ರೈತ, ಹೆಲ್ಮೆಟ್ಟನ್ನು ಮೊಪೆಡ್ಡಿನ ಹ್ಯಾಂಡಲ್ಲಿಗೆ ತೂಗುಹಾಕಿ ಅದರೊಳಗೆ ಬದನೆಕಾಯಿ ಇಟ್ಟುಕೊಂಡಿದ್ದ. ವಾರಕ್ಕೊಮ್ಮೆ ಸಿದ್ದರಾಯನಿಂದ ಬೈಸಿಕೊಳ್ಳುವುದು ಅವನಿಗೆ ಸಂತೆಗೆ ಹೋದಷ್ಟೇ ರೂಢಿ.

"ನಮಸ್ಕಾರ. ನಾನು ಹೆದ್ದಾರಿ ಗಸ್ತಿನ ಸಿಬ್ಬಂದಿ. ತಮ್ಮ ಸಂಭಾಷಣೆ ದಾಖಲಾಗುತ್ತಿದೆ. ದಯವಿಟ್ಟು ಸಹಕರಿಸಿ," ಅಂದ ಸಿದ್ದರಾಯ.

ಗುರಣ್ಣನ ಮುಖ ಬಿಳಿಚಿತು. "ಯಪ್ಪಾ, ಮನ್ಯಾಗ ಯಾರರ ತೀರಿಕೊಂಡಾರೇನ್ರಿ?"

"ಇಲ್ಲ. ತಾವು ಹೆಲ್ಮೆಟ್ ಧರಿಸಿಲ್ಲ."

"ಒಂದ ಹೊಡದ ಬಿಡ್ರಿ ಸಾಹೇಬ್ರ. ಹಿಂಗ ಮಾತಾಡಬ್ಯಾಡ್ರಿ, ಎದಿ ಹಾರತೈತಿ."

ಬದನೆಕಾಯಿಯನ್ನು ಚೀಲಕ್ಕೆ ಸುರಿದು ಗುರಣ್ಣ ಹೆಲ್ಮೆಟ್ ಹಾಕಿಕೊಂಡ. ಇಪ್ಪತ್ತಾರು ವರ್ಷದ ಬೈಗುಳ ಮಾಡದ ಕೆಲಸವನ್ನು ಒಂದು ನಮಸ್ಕಾರ ಮಾಡಿತ್ತು. ಕ್ರಾಸಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ ದುಂಡವ್ವ ಬಿದ್ದೂ ಬಿದ್ದೂ ನಕ್ಕಳು. "ಏನೋ ಸಿದ್ದರಾಯಾ, ಬೀಗರ ಜೋಡಿ ಮಾತಾಡಿದಂಗ ಮಾತಾಡಾಕತ್ತಿ? ಮಗಳ ಕೊಡಾಂವ ಇದ್ದಿಯೇನು?"

ಹೀಗೆ ಮೂರು ತಿಂಗಳು ಕಳೆದವು. ಸಿದ್ದರಾಯನ ಕೈ ಯಾರ ಕೆನ್ನೆಗೂ ಹೋಗಲಿಲ್ಲ. ಅಭ್ಯಾಸದ ಬಲದಿಂದ ಮೇಲೆ ಏಳುತ್ತಿತ್ತು. ಎದೆಯ ಹತ್ತಿರ ಕ್ಯಾಮೆರಾ ಕಂಡ ಕೂಡಲೇ ದಾರಿ ಬದಲಿಸಿ ಹೋಗಿ ಕಿವಿ ಕೆರೆಯುತ್ತಿತ್ತು. ಸಾರ್ವಜನಿಕರು ಉಳಿದರು, ಅವನ ಬಲಗಿವಿ ಮಾತ್ರ ಹುಣ್ಣಾಯಿತು.

ಖಂಡೇನವಮಿ ಬಂತು. ಆಯುಧ, ನೇಗಿಲು, ಗಾಡಿ ಎಲ್ಲಕ್ಕೂ ಪೂಜೆಯಾಗುವ ದಿನ. ತಿಕೋಟಾ ಕ್ರಾಸಿನ ತಗಡಿನ ಚೌಕಿಯಲ್ಲಿ ಜೀಪು, ಲಾಠಿ, ವೇಗ ಅಳೆಯುವ ಯಂತ್ರ, ಕುಡುಕರು ಊದುವ ಯಂತ್ರ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಪೂಜೆ ಮಾಡಿಸಲು ಬಂದ ಬಸಲಿಂಗಯ್ಯ ಕೊನೆಯಲ್ಲಿದ್ದ ಕರಿ ಡಬ್ಬಿಯನ್ನು ಕಂಡು ನಿಂತ.

"ಇದೇನಪಾ?"

"ಕ್ಯಾಮೆರಾರಿ ಅಯ್ಯಾರ. ಎದೀಗೆ ಕಟಗೋತೇವಲ್ರಿ, ಅದು."

"ಆಯುಧ ಹೌದೋ, ಅಲ್ಲೋ?"

ಸಿದ್ದರಾಯ ಯೋಚಿಸಿದ. "ಇದಕ್ಕ ಅಂಜಿದಷ್ಟು ನಾವು ಬಂದೂಕಕ್ಕೂ ಅಂಜಿಲ್ರಿ. ವಿಭೂತಿ ಹಚ್ಚರಿ."

ಬಸಲಿಂಗಯ್ಯ ಡಬ್ಬಿಯನ್ನು ತಿರುವಿ ತಿರುವಿ ನೋಡಿದ. "ಹಣಿ ಎಲ್ಲೈತಿ?"

"ಕಣ್ಣೊಂದ ಐತ್ರಿ. ಹಣಿ ಕೊಟ್ಟಿಲ್ಲ ಕಂಪನಿಯವ್ರು."

"ಮತ್ತ ಅದನ್ನ ಹಣಿ ಅಂತ ತಿಳಕೊಳ್ಳೂದು," ಅಂದ ಬಸಲಿಂಗಯ್ಯ. ವಿಭೂತಿಯನ್ನು ನೀರಿನಲ್ಲಿ ನೆನೆಸಿ, ಮೂರು ಬೆರಳಲ್ಲಿ, ಕ್ಯಾಮೆರಾದ ಕಣ್ಣಿನ ಮೇಲೆ ಭಕ್ತಿಯಿಂದ ಎಳೆದ. ಊದುವ ಯಂತ್ರದ ಬಾಯಿಗೂ ಹಚ್ಚಿದ. ಅವತ್ತು ಅದನ್ನು ಊದಿದವರೆಲ್ಲ ತುಟಿಗೆ ವಿಭೂತಿ ಬಡಿದುಕೊಂಡು ಶುದ್ಧರಾಗಿ ಹೋದರು.

ಒರೆಸಬೇಕು ಅಂತ ಸಿದ್ದರಾಯನಿಗೆ ಅನಿಸದೆ ಇರಲಿಲ್ಲ. ಆದರೆ ಪೂಜೆಯಾದ ಆಯುಧದ ವಿಭೂತಿಯನ್ನು ಮರುದಿನ ಬನ್ನಿ ಮುಡಿಯುವ ತನಕ ಒರೆಸುವ ಪದ್ಧತಿ ಅವನ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಕ್ಯಾಮೆರಾ ಆನ್ ಇರತಕ್ಕದ್ದು ಅಂತ ಆದೇಶ ಹೇಳಿತ್ತು, ಮಂಗಳಾರತಿಗೆ ಮೊದಲೇ ಆನ್ ಮಾಡಿದ. ಕೆಂಪು ದೀಪ ಹತ್ತಿತು. ಅದಕ್ಕೆ ಕಣ್ಣು ಕಾಣಿಸತಕ್ಕದ್ದು ಅಂತ ಆದೇಶದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಹತ್ತು ಗಂಟೆಗೆ ಗಸ್ತಿನ ಮೇಲಿನ ಸಾಹೇಬರ ಫೋನು ಬಂತು. ನಾಳೆ ಗಾಂಧಿ ಜಯಂತಿ, ಚೌಕಿಯ ಮುಂದೆ ಸಸಿ ನೆಡುವ ಕಾರ್ಯಕ್ರಮ, ತಗ್ಗು ತಯಾರಿರಲಿ, ಜೀಪು ನರ್ಸರಿಗೆ ಹೋಗಲಿ. ಉಳಿದ ಸಿಬ್ಬಂದಿಯನ್ನು ಹೇರಿಕೊಂಡು ಜೀಪು ಹೋಯಿತು. ಸಿದ್ದರಾಯ ದುಂಡವ್ವನ ಅಂಗಡಿಯಲ್ಲಿ ಕೂತು ಚಹಾ ಹೀರುತ್ತ, ಎದೆಯ ಮೇಲೆ ಕೆಂಪು ದೀಪ ಮಿನುಗುತ್ತಿರುವಾಗಲೇ, ಮನಸ್ಸು ಬಿಚ್ಚಿದ.

"ಮೂರು ವರ್ಷ ಆತು ಬೇ ದುಂಡವ್ವಾ. ಅದ ಒಂದ ತಗ್ಗು, ಮೂರು ಸಸಿ. ಫೋಟೋ ತಗದ ಮರುದಿನ ಆಡು ತಿಂದ ಹೊಕ್ಕಾವು. ಗಿಡ ಒಂದೂ ಬೆಳೀಲಿಲ್ಲ, ಸಾಹೇಬನ ಹೊಟ್ಟಿ ವರ್ಷಾ ಚಿಗೀತೈತಿ. ಸಸಿ ಬಿಟ್ಟು ಆ ಹೊಟ್ಟೀನ ನೆಟ್ಟಿದ್ರ ತಿಕೋಟಾ ಮಂದಿಗೆ ನೆರಳರ ಆಗತಿತ್ತು."

ದುಂಡವ್ವ ನಕ್ಕು, ಹಬ್ಬದ ಹೋಳಿಗೆ ಮಾಡಲು ಅಂಗಡಿ ಮುಚ್ಚಿ ಮನೆಗೆ ಹೋದಳು. ಸಿದ್ದರಾಯ ಒಬ್ಬನೇ ಉಳಿದ.

ಹನ್ನೊಂದೂವರೆಗೆ ಒಂದು ಹೊಸ ಕರಿ ಗಾಡಿ ರಸ್ತೆಯ ತಪ್ಪು ಬದಿಯಿಂದ ಬಂತು. ಪೂಜೆ ಮುಗಿಸಿಕೊಂಡು ಬಂದ ಗಾಡಿ. ಬಾಳೆಗಿಡ ಎರಡು ಕಡೆ, ಚೆಂಡುಹೂವಿನ ಮಾಲೆ ಎಷ್ಟು ದಪ್ಪವಾಗಿತ್ತೆಂದರೆ ನಂಬರ್ ಪ್ಲೇಟೂ ಕಾಣುತ್ತಿರಲಿಲ್ಲ, ಓಡಿಸುವವನಿಗೆ ರಸ್ತೆಯೂ ಕಾಣುವಂತಿರಲಿಲ್ಲ. ಓಡಿಸುತ್ತಿದ್ದವನು ರಾಹುಲ, ತಿಕೋಟಾದ ಒಣದ್ರಾಕ್ಷಿ ವ್ಯಾಪಾರಸ್ಥರ ಮಗ. ಹಿಂದಿನ ಸೀಟಿನಲ್ಲಿ ತಾಯಿ ಗೌರಾಬಾಯಿ, ಎರಡೂ ಕೈ ತುಂಬ ಹಸಿರು ಗಾಜಿನ ಬಳೆ.

"ನಮಸ್ಕಾರ. ನಾನು ಹೆದ್ದಾರಿ ಗಸ್ತಿನ ಸಿಬ್ಬಂದಿ. ತಮ್ಮ ಸಂಭಾಷಣೆ ದಾಖಲಾಗುತ್ತಿದೆ. ದಯವಿಟ್ಟು ಮಾಲಿ ಸರಿಸಿ ನಂಬರ್ ತೋರಸ್ರಿ."

ರಾಹುಲ ಬಾಗಿಲು ತೆಗೆದು ಇಳಿದ. "ಹಬ್ಬದ ದಿನ ಮಾಲಿ ಹರಿ ಅಂತಿಯೇನಲೇ? ನಾ ಯಾರ ಅಂತ ಗೊತ್ತೈತಿ?"

"ಗೊತ್ತಾಗಲಿ ಅಂತನ ನಂಬರ್ ಕೇಳಾಕತ್ತೇನ್ರಿ."

"ನನಗ ಉಲ್ಟಾ ಮಾತಾಡ್ತಿ? ಕುರಿ ಕಾಯಾವರಿಗೆ ಖಾಕಿ ಕೊಟ್ರ ಹಿಂಗ ಆಗೂದು."

ಸಿದ್ದರಾಯನ ಕೈ ಎದ್ದಿತು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ನ್ಯಾಯವಾಗಿ ಅದು ಯಾವತ್ತೂ ಎದ್ದಿರಲಿಲ್ಲ. ಎದೆಯ ತನಕ ಬಂತು, ಕೆಂಪು ದೀಪ ಕಂಡಿತು, ಹಲ್ಲು ಕಚ್ಚಿಕೊಂಡು ಕಿವಿ ಕೆರೆಯಲು ಹೋಯಿತು.

ಆಗಲೇ ಫಟಾರ್ ಅಂತ ಸಪ್ಪಳವಾಯಿತು. "ಯವ್ವಾ!" ಅಂದ ರಾಹುಲ, ಕೆನ್ನೆ ಹಿಡಿದುಕೊಂಡು. ಗೌರಾಬಾಯಿ ಇಳಿದು ಬಂದು ಹೊಡೆದಿದ್ದಳು. ಮಂದಿಯ ಮುಂದೆ ಮಾತಾಡುವ ಪೈಕಿ ಅಲ್ಲ ಅವಳು. ಒಂದು ಮಾತೂ ಆಡದೆ, ಸಿದ್ದರಾಯನಿಗೆ ಕೈ ಮುಗಿದು, ಮಾಲೆಯನ್ನು ತಾನೇ ಸರಿಸಿಟ್ಟು ಒಳಗೆ ಹೋಗಿ ಕೂತಳು. ಸಿದ್ದರಾಯ ನಂಬರ್ ಬರೆದುಕೊಂಡು ಗಾಡಿ ಬಿಟ್ಟ.

ಮುಗಿಯಿತು ಅಂದುಕೊಂಡ. ತಾಯಿಯೂ ಹಾಗೇ ಅಂದುಕೊಂಡಳು.

ಆದರೆ ಸಂಜೆಗೆ ರಾಹುಲನ ಕೆನ್ನೆಯ ಫೋಟೋ ವಾಟ್ಸಾಪಿನಲ್ಲಿ ಊರೂರು ತಿರುಗಿತು. ನಾಲ್ಕು ಬೆರಳಿನ ಗುರುತು ಎದ್ದು ಕಾಣುತ್ತಿತ್ತು. 'ಹೆದ್ದಾರಿಯಲ್ಲಿ ಪೊಲೀಸನ ದರ್ಪ, ಹಬ್ಬದ ದಿನ ಯುವಕನ ಮೇಲೆ ಹಲ್ಲೆ.' ಗೆಳೆಯರು ಕೇಳಿದಾಗ ತಾಯಿ ಹೊಡೆದಳು ಅನ್ನಲು ಅವನಿಗೆ ನಾಚಿಕೆಯಾಗಿತ್ತು. ಪೊಲೀಸ ಹೊಡೆದ ಅಂದರೆ ಅದೊಂದು ಗೌರವ. ಕನ್ಯೆ ನೋಡುವ ಕಾಲ ಬೇರೆ. ಸೋದರಮಾವ ಸಣ್ಣ ಪುಢಾರಿ, ಕೂಡಲೇ ದೂರು ಬರೆಸಿದ. ಸಿದ್ದರಾಯನ ಹೆಸರು ಕೇಳಿದ ಜಿಲ್ಲೆಯ ಅರ್ಧ ಮಂದಿ ತಂತಮ್ಮ ಕೆನ್ನೆ ಮುಟ್ಟಿಕೊಂಡು, ಸುಳ್ಳಿರಲಿಕ್ಕಿಲ್ಲ ಅಂದರು.

ಮೂರನೇ ದಿನಕ್ಕೆ ನೋಟಿಸು. ಗಸ್ತಿನಿಂದ ತೆಗೆದು ವಿಜಯಪುರದ ಕಚೇರಿಯಲ್ಲಿ ಟಪಾಲಿಗೆ ಠಸ್ಸೆ ಒತ್ತುವ ಕೆಲಸ. ತಿಂಗಳ ಕೊನೆಗೆ ಬಡ್ತಿ ಪಟ್ಟಿ, ಅಷ್ಟರೊಳಗೆ ಆರೋಪ ತೊಳೆದು ಹೋಗದಿದ್ದರೆ ಹನ್ನೊಂದನೆಯ ಹೆಸರು ಇಲ್ಲ.

ಸಿದ್ದರಾಯನಿಗೆ ಚಿಂತೆಯೇ ಆಗಲಿಲ್ಲ. "ಕ್ಯಾಮೆರಾ ಐತ್ರಿ. ಎಲ್ಲಾ ನೋಡೇತಿ ಅದು," ಅಂದ.

ಸಾಹೇಬರ ಖೋಲಿಯಲ್ಲಿ, ಕಂಪ್ಯೂಟರ್ ವಿಭಾಗದ ಅನುರಾಧಾ ಅವತ್ತಿನ ದಾಖಲೆ ಹಚ್ಚಿದಳು. ಪರದೆಯ ತುಂಬ ಬೆಳ್ಳಗೆ, ಅಡ್ಡ ಮೂರು ಪಟ್ಟೆ.

"ಇದೇನ್ರಿ ಇದು, ಹಿಮಾಲಯ?" ಅಂದರು ಸಾಹೇಬರು.

"ವಿಭೂತಿರಿ ಸರ್," ಅಂದ ಸಿದ್ದರಾಯ. ಆಗ ಮಾತ್ರ ಅವನ ಕೈ ಕಿವಿ ಕೆರೆಯಲು ಹೋಯಿತು.

"ಧ್ವನಿ ಪೂರ್ತಿ ಐತ್ರಿ ಸರ್, ಸ್ಪಷ್ಟ ಐತಿ," ಅಂದಳು ಅನುರಾಧಾ. "ಆದ್ರ ಬೇಕಾದಷ್ಟೇ ಕೊಯ್ದು ಕೇಳಾಕ ಬರಂಗಿಲ್ರಿ. ಕೈವಾಡ ಅಂತಾರ. ಡ್ಯೂಟಿ ಶುರುವಾದಾಗಿಂದ ಕೇಳಬೇಕು. ಇವರು ಒಪ್ಪಿಗಿ ಬರದು ಕೊಟ್ರ ಕೇಳಬಹುದು."

"ಬರದು ಕೊಡ್ರಿ ಮತ್ತ," ಅಂದರು ಸಾಹೇಬರು, ಉದಾರವಾಗಿ.

ಸಿದ್ದರಾಯನಿಗೆ ಹತ್ತು ಗಂಟೆಯ ಚಹಾ ನೆನಪಾಯಿತು. ಹೊಟ್ಟೆ ನೆನಪಾಯಿತು. ತನ್ನದಲ್ಲ, ಎದುರಿಗೆ ಕೂತಿದ್ದು. "ನಾಳಿ ಹೇಳ್ತೇನ್ರಿ ಸರ್," ಅಂದು ಹೊರಬಿದ್ದ.

ಮರುದಿನ ಬೆಳಿಗ್ಗೆ ರೊಟ್ಟಿ ಮುರಿಯುತ್ತ ಹೆಂಡತಿಗೆ ಎಲ್ಲ ಹೇಳಿದ. ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಸುಳ್ಳೇನು, ನೀ ಅಂದದ್ದು?"

"ಸುಳ್ಳಾಗಿದ್ರ ಅಂಜತಿದ್ದಿಲ್ಲ. ಖರೇನ ಐತಿ, ಅದಕ್ಕ ಅಂಜಿಕಿ. ಕೇಳಿಸಿದ್ರ ಸಾಹೇಬ ಬಿಡಂಗಿಲ್ಲ, ಕೇಳಿಸಲಿಲ್ಲಂದ್ರ ರಾಹುಲ ಬಿಡಂಗಿಲ್ಲ. ಅವಂಗ ಹೊಡದಿಲ್ಲ ನಾ, ತಿಪ್ಪವ್ವಾ. ಇದೊಂದ ಸಲ ಹೊಡದಿಲ್ಲ."

"ಆಗೆಲ್ಲಾ ಹೊಡದಿದ್ದಿಯಲ್ಲಾ, ಅವಾಗ ಕ್ಯಾಮೆರಾ ಇದ್ದಿದ್ರ?"

ಸಿದ್ದರಾಯ ಮುರಿದ ರೊಟ್ಟಿಯನ್ನು ತಿರುಗಿ ತಾಟಿಗೆ ಇಟ್ಟ. ಇದ್ದಿದ್ದರೆ ನೌಕರಿಯ ಎರಡನೇ ವರ್ಷಕ್ಕೇ ಅವನು ಕನಮಡಿಯ ದಿಬ್ಬದ ಮೇಲೆ ಕುರಿಗಳ ಜೊತೆ ಇರುತ್ತಿದ್ದ. ಆ ಕೆನ್ನೆಯವರಿಗೆ ಕೆಂಪು ದೀಪವೂ ಇರಲಿಲ್ಲ, ಪುಢಾರಿ ಮಾವನೂ ಇರಲಿಲ್ಲ. ಅವರು ಕೆನ್ನೆ ಸವರಿಕೊಂಡು ಮನೆಗೆ ಹೋಗಿದ್ದರು, ಇವನಿಗೆ ಪತ್ರ ಬಂದಿತ್ತು. ಮೂರೂ ಪತ್ರಗಳು ಕಟ್ಟು ಹಾಕಿಸಿಕೊಂಡು ಎದುರಿನ ಗೋಡೆಯ ಮೇಲೇ ಇದ್ದವು.

"ಬರದು ಕೊಡು," ಅಂದಳು ತಿಪ್ಪವ್ವ. "ಹೊಡೀದ ಏಟಿಗೆ ಮನಿಗೆ ಬರೂದಕ್ಕಿಂತ ಆಡಿದ ಮಾತಿಗೆ ಬೈಸಿಕೊಂಡ ಬಾ."

ಬರೆದು ಕೊಟ್ಟ.

ವಿಚಾರಣೆಯ ದಿನ ರಾಹುಲ, ಅವನ ಮಾವ, ಸಾಕ್ಷಿಯಾಗಿ ಗೌರಾಬಾಯಿ ಬಂದಿದ್ದರು. ಗೌರಾಬಾಯಿ 'ನಾನು ಏನನ್ನೂ ನೋಡಿಲ್ಲ' ಎಂಬ ಹೇಳಿಕೆಗೆ ಸಹಿ ಮಾಡಿದ್ದಳು. ಅದರಲ್ಲಿ ಏನು ಬರೆದಿದೆ ಅಂತ ಅಣ್ಣನೂ ಓದಿ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಗಾಡಿಯ ದಂಡದ ಕಾಗದ ಅಂತ ತಿಳಿದಿದ್ದಳು.

ಅನುರಾಧಾ ಧ್ವನಿ ಹಚ್ಚಿದಳು. ಘಂಟೆ, ಮಂತ್ರ, ತೆಂಗಿನಕಾಯಿ ಒಡೆದ ಸಪ್ಪಳ. ಆಮೇಲೆ ಚಹಾ ಸುರಿದ ಸಪ್ಪಳ. ಆಮೇಲೆ ಸಿದ್ದರಾಯನ ಕಂಠ, ಗುಡ್ಡದಿಂದ ಗುಡ್ಡಕ್ಕೆ ಮುಟ್ಟುವ ಕಂಠ: "...ಸಾಹೇಬನ ಹೊಟ್ಟಿ ವರ್ಷಾ ಚಿಗೀತೈತಿ..."

ಖೋಲಿ ಉಸಿರು ಹಿಡಿಯಿತು. ಸಾಹೇಬರೂ ಉಸಿರು ಹಿಡಿದರು, ಅದರಿಂದ ಹೊಟ್ಟೆ ತುಸು ಒಳಗೆ ಹೋಯಿತು. ಟೈಪು ಮಾಡುತ್ತಿದ್ದ ಗುಮಾಸ್ತ ತಲೆ ಎತ್ತಿ ಕೇಳಿದ: "ಇದನ್ನೂ ಬರೀಲೇನ್ರಿ ಸರ್?"

"ಅಪ್ರಸ್ತುತ ಅಂತ ಬರೀರಿ."

"ಹೊಟ್ಟಿ ಅಪ್ರಸ್ತುತ, ಅಂತರಿ?"

"ಮುಂದ ಹೋಗ್ರಿ!"

ಮುಂದೆ ಹೋಯಿತು. ನಮಸ್ಕಾರ ಬಂತು, ದಯವಿಟ್ಟು ಬಂತು, ಕುರಿ ಕಾಯುವವರ ಮಾತೂ ಬಂತು. ಮಾವ ಕೆಮ್ಮಿದ. ಆಮೇಲೆ ಫಟಾರ್. "ಯವ್ವಾ!"

"ಕೇಳಿದ್ರಿಲ್ಲೋ? ಹೊಡತ ಬಿದ್ದದ್ದು ಖರೆ ಆತಲ್ರಿ!" ರಾಹುಲ ಎದ್ದು ನಿಂತ.

"ಹೊಡದದ್ದು ನಾ ಅಲ್ರಿ. ಅವ್ವಾರು ಹೊಡದ್ರು, ಅದಕ್ಕ 'ಯವ್ವಾ' ಅಂದ," ಅಂದ ಸಿದ್ದರಾಯ.

"ಯಾರು ಹೊಡದ್ರೂ ಮನಶ್ಯಾ 'ಯವ್ವಾ' ಅನ್ನದ 'ಹವಾಲ್ದಾರಾ' ಅಂತಾನೇನ್ರಿ?" ಅಂದ ಮಾವ. ಅದೂ ಸರಿಯೇ ಇತ್ತು. ಸಾಹೇಬರು ಸಿದ್ದರಾಯನ ಕಡೆ ನೋಡಿದ ನೋಟದಲ್ಲಿ ಹೊಟ್ಟೆ ಪೂರ್ತಿ ಪ್ರಸ್ತುತವಾಗಿತ್ತು.

"ಸರ್, ಹಿಂದಕ್ಕ ಹಚ್ಚಲೇನ್ರಿ?" ಅಂದಳು ಅನುರಾಧಾ. "ಹೊಡತದ ಬೆನ್ನಿಗೆ ಇನ್ನೊಂದು ಸಪ್ಪಳ ಐತಿ."

ಮತ್ತೆ ಹಚ್ಚಿದಳು. ಫಟಾರ್. ಅದರ ಬೆನ್ನಿಗೇ, ಝಲ್ ಅಂತ, ಕೈ ತುಂಬ ಗಾಜಿನ ಬಳೆ.

ಎಲ್ಲರೂ ಸಿದ್ದರಾಯನ ಕೈ ನೋಡಿದರು. ಅದರಲ್ಲಿ ಒಂದು ಹಳೆಯ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ.

"ಅದು ಪೂಜಿ ತಾಟಿನ ಸಪ್ಪಳರಿ," ಅಂದ ಮಾವ.

"ಅಣ್ಣಾ, ಸುಮ್ನಿರು." ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಗೌರಾಬಾಯಿ ಎದ್ದಳು. ಮಂದಿಯ ಮುಂದೆ ಅವಳ ದನಿ ಕೇಳಿದ್ದು ಅವಳ ಅಣ್ಣನಿಗೂ ಅದೇ ಮೊದಲು ಇರಬೇಕು. "ನನ್ನ ಕೈ ಸಪ್ಪಳ ನನಗ ತಿಳಿಯಂಗಿಲ್ಲೇನು? ಹೊಡದಾಕಿ ನಾನ್ರಿ ಸಾಹೇಬ್ರ. ಹಿರ್ಯಾಂವ 'ರೀ' ಅಂದು ಕೇಳಾಕತ್ತಾನ, ಇಂವ 'ಲೇ' ಅಂತಾನ. ಯಾರ ಮಗ ಅಂತ ಕೇಳಿದ್ರ ನನ್ನ ಹೆಸರ ಬರತೈತಲ್ರಿ. ಈ ಕಾಗದದಾಗ ಏನ ಬರದೀರೋ ನನಗ ಗೊತ್ತಿಲ್ಲ."

"ತಾಯಿ ಮಗನ್ನ ಉಳಸ್ಕೊಳ್ಳಾಕ ನೋಡತಾಳ, ಇಕಿ ನೋಡ್ರಿ!" ಅಂದ ಮಾವ.

"ಉಳಸ್ಕೊಳ್ಳಾಕನ ಹೊಡದೇನಿ," ಅಂದಳು ಗೌರಾಬಾಯಿ. ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು. "ಸಾಹೇಬ್ರ, ನಂಬಿಕಿ ಬರಲಿಲ್ಲಂದ್ರ ಮತ್ತೊಂದ ಹೊಡದ ತೋರಸಲೇನ್ರಿ? ಸಪ್ಪಳ ಕೂಡಿಸಿ ನೋಡ್ರಿ."

ಸಾಹೇಬರು ಬಾಯಿ ತೆರೆಯುವುದಕ್ಕೂ ಮೊದಲೇ ರಾಹುಲ ಕುರ್ಚಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ. ಕೈ ತನ್ನಷ್ಟಕ್ಕೇ ಎಡಗೆನ್ನೆಗೆ ಹೋಗಿತ್ತು.

ಗುಮಾಸ್ತ ಯಾರನ್ನೂ ಕೇಳದೆ ಬರೆದುಕೊಂಡ: 'ಸಾಕ್ಷಿದಾರರು ಕೈ ಎತ್ತಿದ್ದನ್ನು ಕಂಡು ದೂರುದಾರರು ಕುರ್ಚಿ ಸಮೇತ ಹಿಂದಕ್ಕೆ ಸರಿದಿರುತ್ತಾರೆ.' ಇಡೀ ವಿಚಾರಣೆಯಲ್ಲಿ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಗಲಿಲ್ಲ.

ಆರೋಪ ಬಿದ್ದುಹೋಯಿತು. ತಿಂಗಳ ಕೊನೆಗೆ ಪಟ್ಟಿ ಹೊರಟಿತು, ಹನ್ನೊಂದನೆಯ ಹೆಸರು ಇದ್ದಲ್ಲೇ ಇತ್ತು. ಅದರ ಜೊತೆ ಎರಡು ಆದೇಶಗಳೂ ಬಂದವು. ಒಂದು ಬರಹದಲ್ಲಿ: ಇನ್ನು ಮುಂದೆ ಸರ್ಕಾರಿ ಕ್ಯಾಮೆರಾಗಳಿಗೆ ವಿಭೂತಿ, ಕುಂಕುಮ, ಭಂಡಾರ ಹಚ್ಚತಕ್ಕದ್ದಲ್ಲ, ಭಕ್ತಿಯನ್ನು ಕ್ಯಾಮೆರಾದ ಹಿಂಬದಿಗೆ ಸೀಮಿತಗೊಳಿಸತಕ್ಕದ್ದು. ಇನ್ನೊಂದು ಬಾಯಿಮಾತಿನಲ್ಲಿ: ಗಾಂಧಿ ಜಯಂತಿಗೆ ಚೌಕಿಯ ಮುಂದೆ ನೆಟ್ಟ ಸಸಿಗೆ ಎಎಸ್‌ಐ ಸಿದ್ದರಾಯ ದಿನಾಲೂ ಎರಡು ಕೊಡ ನೀರು ಹಾಕತಕ್ಕದ್ದು. ಒಣಗಿದರೆ ಅವನೇ ಹೊಣೆ.

ಚೌಕಿಗೆ ಮರಳಿದ ಸಿದ್ದರಾಯ ಹೆಗಲ ಮೇಲೆ ನಕ್ಷತ್ರ, ಕೈಯಲ್ಲಿ ಕೊಡ ಹಿಡಿದು ನೀರು ಹಾಕಿದ. ಆಡು ಬಾರದಂತೆ ಸುತ್ತ ಜಾಲಿಮುಳ್ಳು ಹಚ್ಚಿದ. ದುಂಡವ್ವ ನಿತ್ಯ ಕೇಳುತ್ತಿದ್ದಳು: "ಸಾಹೇಬ್ರ ಹೊಟ್ಟಿ ಹೆಂಗೈತ್ರಿ ಇವತ್ತ?" ಸಿದ್ದರಾಯ ಕ್ಯಾಮೆರಾ ತೋರಿಸಿ ಬಾಯಿಗೆ ಬೆರಳು ಇಟ್ಟುಕೊಳ್ಳುತ್ತಿದ್ದ.

ಎರಡು ತಿಂಗಳಿಗೆ ಸಸಿ ಚಿಗುರಿತು. ಸುದ್ದಿ ಕೇಳಿ ಸಾಹೇಬರು ಫೋಟೋದವನ ಜೊತೆ ಬಂದರು. ಜೀಪಿನಿಂದ ಇಳಿಯುತ್ತಲೇ, "ಏ ಸಿದ್ದರಾಯಾ, ಆ ಮುಳ್ಳ ಯಾವನ್ಲೇ..." ಅಂತ ಶುರುಮಾಡಿದವರು ಅವನ ಎದೆಯ ಮೇಲೆ ಕಣ್ಣು ಬಿದ್ದು ನಿಂತರು.

"ಇದು ಆನ್ ಐತೇನು?"

"ಐತ್ರಿ ಸರ್. ಕಣ್ಣೂ ಒರಸೇನ್ರಿ ಇವತ್ತ."

ಸಾಹೇಬರು ಬೆಲ್ಟು ಸರಿಮಾಡಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು, ಕ್ಯಾಮೆರಾಕ್ಕೆ ಕೇಳುವ ಹಾಗೆ ಹೇಳಿದರು: "ನಮಸ್ಕಾರ ಸಿದ್ದರಾಯ ಅವರೇ. ದಯವಿಟ್ಟು ಆ ಮುಳ್ಳನ್ನು ತುಸು ಸರಿಸುತ್ತೀರಾ?"

ಇಪ್ಪತ್ತಾರು ವರ್ಷದಲ್ಲಿ ಮೇಲಿನವರ ಬಾಯಿಂದ 'ಅವರೇ' ಅಂತ ಕೇಳಿಸಿಕೊಂಡಿರದ ಸಿದ್ದರಾಯನ ಎದೆ, ಗುರಣ್ಣನ ಎದೆಯಂತೆಯೇ, ಒಂದು ಗಳಿಗೆ ಹಾರಿತು.